ಕಾಪುವಿನ ಸವಿತಾಳಿಗೆ ನಿಮ್ಮ ಕಚೇರಿ ದಯಪಾಲಿಸಿದ ವಯಸ್ಸು

ಮಾನವ ಕಳ್ಳಸಾಗಣೆ ತಡೆ ಸಮಿತಿಯ ಅಧ್ಯಕ್ಷರ ಗಮನಕ್ಕೆ, ಅಂಥದ್ದೊಂದು ಅವರಲ್ಲಿ ಇದ್ದರೆ.

ಮಾನ್ಯರೇ, ಕಳೆದ ವಾರ ಮಣಿಪಾಲದ ಆ ತಂಪು ಸಭಾಂಗಣದಲ್ಲಿ ದೀಪ ಬೆಳಗಿಸಿದ ಕೈಯಲ್ಲೇ ಮೈಕ್ ಹಿಡಿದು ನೀವು ಘೋಷಿಸಿದಿರಿ: ನಮ್ಮದು ಸುಶಿಕ್ಷಿತರ ಜಿಲ್ಲೆ, ಇಲ್ಲಿ ಮಾನವ ಕಳ್ಳಸಾಗಣೆ ಇಲ್ಲ, ಇರುವುದು ಸ್ವಇಚ್ಛೆಯ ವಲಸೆ ಮಾತ್ರ. ಚಪ್ಪಾಳೆ ಬಿತ್ತು. ಆಮೇಲೆ ನೀವು ಬಿಡುಗಡೆ ಮಾಡಿದ ಸಂಶೋಧನಾ ವರದಿಯ ಮುಖಪುಟದಲ್ಲಿ ನನ್ನ ಹೆಸರಿತ್ತು. ಒಳಗೆ ನಾನು ಬರೆದದ್ದು ಇರಲಿಲ್ಲ. ನಿಮ್ಮದೇ ಸಮಿತಿ ನೇಮಿಸಿದ ಸಂಶೋಧಕಿಯಾಗಿ ಮಲ್ಪೆಯ ಬಂದರಿನಿಂದ ಕಾರ್ಕಳದ ಕಲ್ಲುಕೋರೆಗಳವರೆಗೆ ಅಲೆದು ಬರೆದ ಮುಖ್ಯ ಅಧ್ಯಾಯವನ್ನೇ ಕಿತ್ತು ಹಾಕಿ, ಉಳಿದ ಪುಟಗಳಲ್ಲಿ ‘ಕಳ್ಳಸಾಗಣೆ’ ಎಂದಿದ್ದಲ್ಲೆಲ್ಲ ‘ವಲಸೆ’ ಎಂದು ತಿದ್ದಲಾಗಿದೆ. ತಿದ್ದಿದವರಿಗೆ ಅವಸರವಿತ್ತೆಂದು ಕಾಣುತ್ತದೆ. ಒಂದು ಕಡೆ ‘ಬಾಲಕಿಯರ ವಲಸೆ ಶಿಕ್ಷಾರ್ಹ ಅಪರಾಧ’ ಎಂದೇ ಅಚ್ಚಾಗಿದೆ. ರಜೆಯಲ್ಲಿ ಉಚ್ಚಿಲದ ಅಜ್ಜಿಮನೆಗೆ ಹೋಗುವ ಹೆಣ್ಣುಮಕ್ಕಳು ಇನ್ನು ಮುಂದೆ ಜಾಮೀನು ಪಡೆದೇ ಬಸ್ಸು ಹತ್ತಬೇಕು.

ವಲಸೆ ಎಂದರೇನು ಎಂದು ನನಗೆ ನೀವು ಕಲಿಸಬೇಕಾಗಿಲ್ಲ. ನನ್ನ ಅಪ್ಪ ಅಲೋಶಿಯಸ್ ಬಹರೈನಿನಲ್ಲಿ ಪ್ಲಂಬರ್ ಆಗಿ ದುಡಿದವರು. ಕಾರ್ಕಳದ ನಮ್ಮ ಮನೆಗೆ ತಾರಸಿ ಬಂದದ್ದು, ನಾನು ಎಂ.ಎ. ಓದಿದ್ದು ಎಲ್ಲ ಆ ಬೆವರಿನಿಂದ. ಅಪ್ಪ ಹೋದರು, ಎರಡು ವರ್ಷಕ್ಕೊಮ್ಮೆ ಬಂದರು, ಸಾಕೆನಿಸಿದಾಗ ಪೆಟ್ಟಿಗೆ ಕಟ್ಟಿಕೊಂಡು ತಿರುಗಿ ಬಂದರು. ಅದು ವಲಸೆ. ಸಾಕೆನಿಸಿದಾಗ ತಿರುಗಿ ಬರಲಾಗದಂತೆ ಮಾಡಿ ಒಯ್ಯುವುದಕ್ಕೆ ಬೇರೆ ಹೆಸರಿದೆ. ಮೋಸದಿಂದ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು ವಿಶ್ವಸಂಸ್ಥೆಯ ಒಡಂಬಡಿಕೆ ಹೇಳುತ್ತದೆ. ಆ ಒಡಂಬಡಿಕೆಯ ಕನ್ನಡ ಅನುವಾದವನ್ನು ನಿಮಗೆ ಕೊಟ್ಟವಳು ನಾನೇ. ಮುಂದಿನ ಸಲ ನಿಮ್ಮ ಕೊಠಡಿಗೆ ಬಂದಾಗ ಅದರ ಮೇಲೆ ನಿಮ್ಮ ಚಹಾದ ಲೋಟ ಕುಳಿತಿತ್ತು.

ಕಿತ್ತು ಹಾಕಿದ ಅಧ್ಯಾಯದಲ್ಲಿ ಏನಿತ್ತೆಂದು ಜನರಿಗೆ ಗೊತ್ತಾಗಲಿ. ಅದರಲ್ಲಿ ಸವಿತಾ ಇದ್ದಳು.

ಸವಿತಾಳ ಅಪ್ಪ ಈಶಪ್ಪ, ಅವ್ವ ಯಮನವ್ವ ಕುಷ್ಟಗಿ ಕಡೆಯವರು. ಮೊದಲು ಕಾರ್ಕಳದ ಕೋರೆಯಲ್ಲಿ ಕಲ್ಲು ಒಡೆದರು, ಬಳಿಕ ಕಾಪುವಿನಲ್ಲಿ ಹೆದ್ದಾರಿ ಪಕ್ಕದ ಬಾಡಿಗೆ ಕೋಣೆಯೊಂದರಲ್ಲಿ ನೆಲೆನಿಂತು ಕಟ್ಟಡದ ಕೆಲಸಕ್ಕೆ ಹೋಗತೊಡಗಿದರು. ಮಣಿಪಾಲದಲ್ಲಿ ನೀವು ಉದ್ಘಾಟಿಸಿದ ಎಷ್ಟೋ ಕಟ್ಟಡಗಳಿಗೆ ಯಮನವ್ವ ತಲೆಯ ಮೇಲೆ ಕಾಂಕ್ರೀಟು ಹೊತ್ತಿದ್ದಾಳೆ. ಮಗಳು ಅಲ್ಲೇ ಸರ್ಕಾರಿ ಶಾಲೆಯಲ್ಲಿ ಹತ್ತನೆಯವರೆಗೆ ಓದಿದಳು. ಮನೆಯಲ್ಲಿ ಅವ್ವನ ಮಾತು, ಬೀದಿಯಲ್ಲಿ ನಿಮ್ಮಷ್ಟೇ ಸಲೀಸಾದ ತುಳು. ಮಣಿಪಾಲದ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದಾಗ ಅವಳಿಗೆ ಹತ್ತೊಂಬತ್ತು. ಆಸ್ಪತ್ರೆಯಲ್ಲಿ ಬಿಳಿ ಕೋಟು ಹಾಕಿಕೊಂಡು ಕೆಲಸ ಮಾಡಬೇಕೆಂಬುದು ಅವಳ ಆಸೆ.

ಆ ಆಸೆಗೆ ಕಿವಿಗೊಟ್ಟವರು ಉಡುಪಿಯ ಬಸ್ ನಿಲ್ದಾಣದ ಬಳಿ ಮೊದಲ ಮಹಡಿಯಲ್ಲಿ ಕಚೇರಿ ಇಟ್ಟುಕೊಂಡಿರುವ ಒಬ್ಬ ಏಜೆಂಟರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಮೊನ್ನೆ ನೀವು ಅವರಿಗೆ ‘ಉದ್ಯೋಗದಾತ’ ಎಂದು ಶಾಲು ಹೊದಿಸಿದಾಗ ಹಿಂದಿನ ಬ್ಯಾನರಿನಲ್ಲಿ ಅದು ನಿಮ್ಮ ಹೆಸರಿಗಿಂತ ದೊಡ್ಡದಾಗಿತ್ತು. ಗಲ್ಫಿನ ಆಸ್ಪತ್ರೆಯಲ್ಲಿ ಸಹಾಯಕಿಯ ಕೆಲಸ ಎಂದು ಅವರು ಸವಿತಾಳಿಗೆ ಹೇಳಿದರು. ಇದ್ದದ್ದು ಮನೆಗೆಲಸ. ಮೂವತ್ತು ತುಂಬದ ಹೆಣ್ಣುಮಕ್ಕಳನ್ನು ಮನೆಗೆಲಸಕ್ಕೆ ಅಲ್ಲಿಗೆ ಕಳಿಸಬಾರದೆಂಬ ನಿಯಮವಿರುವುದರಿಂದ ಪಾಸ್‌ಪೋರ್ಟಿನಲ್ಲಿ ಅವಳಿಗೆ ಮೂವತ್ತೊಂದು ಎಂದು ಬರೆಸಿದರು. ಅದು ಎಲ್ಲರಿಗೂ ಮಾಡುವ ಕ್ರಮ, ಆಸ್ಪತ್ರೆಯವರಿಗೆ ಅನುಭವಸ್ಥರು ಬೇಕಲ್ಲ ಎಂದು ಸಮಾಧಾನ ಹೇಳಿದರು. ಮುಂಬಯಿ ವಿಮಾನ ನಿಲ್ದಾಣದಲ್ಲಿ ಏಜೆಂಟರ ಕಡೆಯ ಒಬ್ಬನು ಅವಳನ್ನು ತನಗೆ ಬೇಕಾದ ಕೌಂಟರಿನ ಸಾಲಿನಲ್ಲೇ ನಿಲ್ಲಿಸಿದ. ಆ ದಂಧೆಯವರು ಇದಕ್ಕೆ ‘ಪುಶಿಂಗ್’ ಎನ್ನುತ್ತಾರೆ. ಹೋಗಬಾರದವರನ್ನು, ನೋಡಬೇಕಾದವರು ನೋಡದಂತೆ ಆಚೆ ದಾಟಿಸುವುದು. ಇಪ್ಪತ್ತೂ ತುಂಬದ ಮುಖಕ್ಕೂ ಮೂವತ್ತೊಂದರ ಕಾಗದಕ್ಕೂ ತಾಳೆ ನೋಡಲು ಅಲ್ಲಿ ಯಾರಿಗೂ ಪುರುಸೊತ್ತು ಇರಲಿಲ್ಲ.

ಮೊದಲು ವಾರಕ್ಕೊಮ್ಮೆ ಬರುತ್ತಿದ್ದ ಫೋನು ನಿಂತುಹೋಯಿತು. ನಾನು ಕಾಪುವಿನ ಬಾಡಿಗೆ ಕೋಣೆಗಳಲ್ಲಿ ಮನೆಮನೆ ಸಮೀಕ್ಷೆ ಮಾಡುತ್ತಿದ್ದಾಗ ಯಮನವ್ವ ನನ್ನ ಪ್ರಶ್ನೆಗಳಿಗೆ ಉತ್ತರಿಸಲಿಲ್ಲ. ನನ್ನ ಮಗಳು ಎಲ್ಲಿದ್ದಾಳೆಂದು ಬರೆದುಕೊಡ್ರಿ, ಆಮೇಲೆ ನಿಮಗೆ ಬೇಕಾದ್ದು ಕೇಳ್ರಿ ಎಂದಳು. ಆ ದಿನದಿಂದ ನನ್ನ ಸಮೀಕ್ಷೆ ನಿಂತಿತು, ಸಂಶೋಧನೆ ಸುರುವಾಯಿತು.

ಮೊದಲು ಏಜೆಂಟರ ಬಳಿಗೆ ಹೋದೆವು. ಅವರು ಕುಡಿಯಲು ಎಳನೀರಿನ ಬೊಂಡ ತರಿಸಿದರು. ಹುಡುಗಿ ಅಲ್ಲಿ ಖುಷಿಯಲ್ಲಿರಬೇಕು, ಖುಷಿಯಲ್ಲಿರುವವರು ಮನೆಗೆ ಫೋನು ಮಾಡುವುದು ಕಡಿಮೆ ಎಂದರು. ನಾನು ಜಾಸ್ತಿ ಕೇಳಿದಾಗ ಮೆತ್ತಗೆ ಹೇಳಿದರು: “ನೋಡಿ ಬಾಯಮ್ಮ, ನಾವು ಯಾರನ್ನೂ ಎಳ್ಕೊಂಡು ಹೋಗ್ಲಿಲ್ಲ. ಮೆಟ್ಲು ಹತ್ತಿ ಬಂದದ್ದು ಅವಳೇ. ಇದ್ರಲ್ಲಿ ನನ್ನ ತಪ್ಪು ಎಂತ ಉಂಟು?”

ಆಮೇಲೆ ನಿಮ್ಮ ಬಳಿಗೆ ಬಂದೆವು. ನಿಮಗೆ ಆ ದಿನ ನೆನಪಿರಲಾರದು, ಆದ್ದರಿಂದ ನೆನಪಿಸುತ್ತೇನೆ. ನನಗೆ ಕುರ್ಚಿ ತೋರಿಸಿದಿರಿ. ಯಮನವ್ವನಿಗೆ ತೋರಿಸಲಿಲ್ಲ. ಅವಳು ನಿಂತೇ ಇದ್ದಳು, ನಾನೂ ನಿಂತೆ. ನೀವು ಪಾಸ್‌ಪೋರ್ಟಿನ ಪ್ರತಿಯನ್ನು ನೋಡಿ, ಮೂವತ್ತೊಂದು ವರ್ಷದ ಹೆಂಗಸು ತನ್ನ ಇಷ್ಟದಂತೆ ದುಡಿಯಲು ಹೋಗಿದ್ದಾಳೆ, ಇದರಲ್ಲಿ ಸಮಿತಿಯ ಪಾತ್ರವೇನು ಎಂದಿರಿ. ವಯಸ್ಸು ಸುಳ್ಳು ಎಂದಾಗ, ಕಾಗದದಲ್ಲಿ ಇರುವುದೇ ವಯಸ್ಸು, ಬಾಯಿಮಾತು ದಾಖಲೆಯಾಗುವುದಿಲ್ಲ ಎಂದಿರಿ. ಆಗ ಯಮನವ್ವ ಹೇಳಿದಳು:

“ನನಗ ಇನ್ನಾ ನಲ್ವತ್ತು ತುಂಬಿಲ್ರೀ ಸಾಹೇಬ್ರ. ಮೂವತ್ತೊಂದು ವರ್ಷದ ಮಗಳನ್ನ ನಾ ಯಾವಾಗ ಹಡದೆನ್ರೀ?”

ನೀವು ನಕ್ಕಿರಿ. ನಿಮ್ಮ ಸಹಾಯಕರೂ ನಕ್ಕರು. ಘಟ್ಟದ ಮೇಲಿನವರಿಗೆ ಹುಟ್ಟಿದ ತಾರೀಖೆಲ್ಲ ಎಲ್ಲಿ ಗೊತ್ತಿರುತ್ತದೆ ಎಂದು ಒಬ್ಬರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು. ಸ್ವಾಮೀ, ತಾರೀಖು ಗೊತ್ತಿರದವರಿಗೂ ಯಾವ ಮಳೆಗಾಲದಲ್ಲಿ ಹೆತ್ತೆ ಎಂಬುದು ಗೊತ್ತಿರುತ್ತದೆ. ನೀವು ಲೆಕ್ಕ ಕಲಿತ ಶಾಲೆಯಲ್ಲಿ ತಾಯಿಗೂ ಮಗಳಿಗೂ ನಡುವೆ ಏಳೆಂಟು ವರ್ಷ ಸಾಕೆಂದು ಹೇಳಿಕೊಟ್ಟಿದ್ದರೇ?

ಅತ್ತ ಗಲ್ಫಿನಲ್ಲಿ ಸವಿತಾ ಇದ್ದದ್ದು ಮೂವರು ಅಣ್ಣತಮ್ಮಂದಿರ ಮೂರು ಮನೆಗಳಲ್ಲಿ. ಒಂದು ಮನೆಯ ಅಡುಗೆ ಮುಗಿದರೆ ಇನ್ನೊಂದು ಮನೆಯ ಬಟ್ಟೆ, ಅದು ಮುಗಿದರೆ ಮೂರನೆಯ ಮನೆಯ ಮಕ್ಕಳು. ಪಾಸ್‌ಪೋರ್ಟು ಮೊದಲ ದಿನವೇ ಯಜಮಾನನ ಬೀರು ಸೇರಿತ್ತು. ಹೊರಗಿನ ಬಾಗಿಲಿಗೆ ಬೀಗ. ಫೋನು ಕೇಳಿದ್ದಕ್ಕೆ ಹೊಡೆತ. ಕೊನೆಗೊಂದು ದಿನ ಒಲೆಯ ಮುಂದೆಯೇ ತಲೆಸುತ್ತು ಬಂದು ಬಿದ್ದಳು, ಕಾದ ಎಣ್ಣೆ ಬಲಗೈ ಮೇಲೆ ಚೆಲ್ಲಿತು. ಅವಳು ಆಸ್ಪತ್ರೆ ಕಂಡದ್ದು ಹಾಗೆ. ಅಲ್ಲಿ ಶಿರ್ವದ ವೆರೊನಿಕಾ ಎಂಬ ನರ್ಸ್ ತನ್ನ ಗೆಳತಿಯ ಜೊತೆ ತುಳುವಿನಲ್ಲಿ ಮಾತಾಡುತ್ತಿದ್ದುದು ಕಿವಿಗೆ ಬಿತ್ತು. ಸವಿತಾ ಮಂಚದಿಂದಲೇ ತುಳುವಿನಲ್ಲಿ, ಅಕ್ಕ, ನೀವು ನಮ್ಮ ಊರಿನವರಾ ಎಂದು ಕೇಳಿದಳು.

ವೆರೊನಿಕಾ ನಿಮ್ಮ ಹಾಗೆ ಸಮಿತಿ ಕರೆಯಲಿಲ್ಲ. ಡ್ಯೂಟಿ ಮುಗಿದ ಮೇಲೆ ಗೆಳತಿಯೊಬ್ಬಳಿಂದ ಎರವಲು ತಂದ ಬುರ್ಖಾವನ್ನು ಸವಿತಾಳಿಗೆ ತೊಡಿಸಿ, ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ನಮ್ಮ ರಾಯಭಾರ ಕಚೇರಿಯ ಬಾಗಿಲಿಗೆ ಬಿಟ್ಟಳು. ಸಿಕ್ಕಿಬಿದ್ದಿದ್ದರೆ ಅವಳ ಕೆಲಸ ಹೋಗುತ್ತಿತ್ತು, ಜೈಲೂ ಆಗಬಹುದಿತ್ತು. ಶಿರ್ವದ ತನ್ನ ಮನೆಯವರ ಮೂಲಕ ನನ್ನ ನಂಬರು ಪತ್ತೆಮಾಡಿ ಫೋನು ಮಾಡಿದಾಗ ಕೊಂಕಣಿಯಲ್ಲಿ ಅವಳು ಹೇಳಿದ್ದು ಇಷ್ಟೇ: ಹುಡುಗಿ ಬದುಕಿದ್ದಾಳೆ, ಅವಳ ತಾಯಿಗೆ ಹೇಳು, ಮುಂದಿನದ್ದು ನಿಮ್ಮ ಊರಿನ ದೊಡ್ಡವರು ನೋಡಿಕೊಳ್ಳಲಿ.

ಊರಿನ ದೊಡ್ಡವರು ನೋಡಿಕೊಂಡರು. ಯಜಮಾನ ಪಾಸ್‌ಪೋರ್ಟು ಕೊಡಲಿಲ್ಲ. ಹುಡುಗಿ ಹೇಳುವ ವಯಸ್ಸಿಗೂ ಅದರಲ್ಲಿರುವುದಕ್ಕೂ ಹೊಂದಿಕೆಯಾಗಲಿಲ್ಲ. ಆದ್ದರಿಂದ ಈಕೆ ಯಾರೆಂದು ದೃಢಪಡಿಸಿ ಎಂದು ರಾಯಭಾರ ಕಚೇರಿ ನಿಮಗೆ ಬರೆಯಿತು. ಶಾಲೆಯ ಪ್ರಮಾಣಪತ್ರವನ್ನು ನಾನೇ ತಂದು ನಿಮ್ಮ ಮೇಜಿನ ಮೇಲಿಟ್ಟೆ. ನೀವು ಕಳಿಸಿದ ಉತ್ತರವನ್ನು ಜನ ಓದಬೇಕು: ‘ಈ ಹೆಸರಿನ ಹತ್ತೊಂಬತ್ತು ವರ್ಷದ ಯುವತಿ ಈ ಜಿಲ್ಲೆಯಿಂದ ವಿದೇಶಕ್ಕೆ ತೆರಳಿದ ಬಗ್ಗೆ ಮಾಹಿತಿ ಇರುವುದಿಲ್ಲ. ಸದರಿ ಕುಟುಂಬವು ಮೂಲತಃ ಅನ್ಯ ಜಿಲ್ಲೆಯದಾಗಿರುವುದರಿಂದ ಅಲ್ಲಿಯೇ ವಿಚಾರಿಸತಕ್ಕದ್ದು.’ ಎಷ್ಟು ಚೊಕ್ಕ ಕೆಲಸ! ಮೂವತ್ತೊಂದರವಳು ಇಷ್ಟಪಟ್ಟು ಹೋದವಳು, ಹತ್ತೊಂಬತ್ತರವಳು ಹೋಗಿಯೇ ಇಲ್ಲ. ಒಬ್ಬಳಿಗೆ ರಕ್ಷಣೆ ಬೇಡ, ಇನ್ನೊಬ್ಬಳು ಇಲ್ಲವೇ ಇಲ್ಲ. ಏಜೆಂಟರು ಅವಳನ್ನು ದೇಶದಿಂದ ದಾಟಿಸಿದರು, ನೀವು ಲೋಕದಿಂದಲೇ ದಾಟಿಸಿದಿರಿ.

ಆ ಉತ್ತರದ ದೆಸೆಯಿಂದ ಸವಿತಾ ಒಂದು ಇಡೀ ಬೇಸಗೆಯನ್ನು ಅಂಥದೇ ಹೆಂಗಸರ ನಡುವೆ ರಾಯಭಾರ ಕಚೇರಿಯ ಹಾಲಿನ ನೆಲದ ಮೇಲೆ ಕಳೆದಳು. ಕಾಗದಪತ್ರ ಇಲ್ಲದವರಿಗೆ ಅಲ್ಲಿನ ಸರ್ಕಾರ ಕ್ಷಮಾದಾನ ಘೋಷಿಸಿದಾಗ ಕೊನೆಗೆ ವಿಮಾನ ಹತ್ತಿದಳು. ಯಮನವ್ವನೂ ನಾನೂ ಉಡುಪಿಯ ಇಂದ್ರಾಳಿ ನಿಲ್ದಾಣದಲ್ಲಿ ರೈಲು ಹತ್ತಿ ಮುಂಬಯಿಗೆ ಹೋದೆವು. ವಿಮಾನ ನಿಲ್ದಾಣದ ಹೊರಗೆ ಕಾದೆವು. ಅವಳ ಜೊತೆ ಬಂದವರೆಲ್ಲ ಹೊರಬಂದರೂ ಅವಳು ಬರಲಿಲ್ಲ. ಸುಳ್ಳು ವಯಸ್ಸು ಕೊಟ್ಟು ಪಾಸ್‌ಪೋರ್ಟು ಪಡೆದ ಅಪರಾಧಕ್ಕೆ ಅವಳನ್ನು ಒಳಗೆ ಕೂರಿಸಿಕೊಂಡಿದ್ದರು. ಹೋಗುವಾಗ ಕಾಣದ ಹನ್ನೆರಡು ವರ್ಷದ ವ್ಯತ್ಯಾಸ ಬರುವಾಗ ಒಂದೇ ನೋಟಕ್ಕೆ ಕಂಡಿತ್ತು. ಕಾನೂನಿಗೆ ಕಣ್ಣಿಲ್ಲವೆಂದು ಯಾರು ಹೇಳಿದವರು? ಅದು ಯಾವ ಕಡೆ ಮುಖ ಮಾಡಿ ಕೂತಿದೆ ಎಂಬುದಷ್ಟೇ ಪ್ರಶ್ನೆ.

ಮರುದಿನ ಜಾಮೀನಾದ ಮೇಲೆ ಅವಳು ಹೊರಬಂದಳು. ತಾಯಿ ಮಗಳು ಅಪ್ಪಿಕೊಂಡು ಅಳುತ್ತಾರೆಂದು ನಾನು ತುಸು ದೂರ ನಿಂತಿದ್ದೆ. ಯಮನವ್ವ ಅಳಲಿಲ್ಲ. ಮಗಳ ಬಲಗೈಯನ್ನು ತೆಗೆದುಕೊಂಡು ಹಿಂದುಮುಂದಾಗಿ ತಿರುಗಿಸಿ ನೋಡಿದಳು, ಸುಟ್ಟು ಸುಕ್ಕಾದ ಚರ್ಮದ ಮೇಲೆ ತನ್ನ ಸೆರಗನ್ನು ಎಳೆದು ಮುಚ್ಚಿದಳು. “ಉಂಡೀಯೇನವ್ವಾ?” ಎಂದಳು. ಅಲ್ಲೇ ಕಾಂಪೌಂಡಿನ ಪಕ್ಕ ಕೂತು, ಕಾಪುವಿನಿಂದ ಕಟ್ಟಿ ತಂದಿದ್ದ ಒಣಗಿದ ರೊಟ್ಟಿಯನ್ನು ಮುರಿದು ಮುರಿದು ತಿನ್ನಿಸಿದಳು. ನಾನು ಹದಿನೈದು ಸೆಮಿನಾರುಗಳಲ್ಲಿ ‘ಪುನರ್ವಸತಿ’ ಎಂಬ ಶಬ್ದವನ್ನು ಕೇಳಿದ್ದೇನೆ. ಕಣ್ಣಾರೆ ಕಂಡದ್ದು ಅದೊಂದೇ ಸಲ.

ಈಗ ಆ ಹುಡುಗಿಯ ಮೇಲೆ ಮೊಕದ್ದಮೆ ಉಂಟು, ಏಜೆಂಟರ ಮೇಲೆ ಶಾಲು. ಕಳೆದ ವಾರದ ಆ ಸಭೆಗೆ ನಾನು ಅವಳನ್ನು ಕರೆತಂದಿದ್ದೆ. ಜಿಲ್ಲೆಯಲ್ಲಿ ಕಳ್ಳಸಾಗಣೆ ಇಲ್ಲ ಎಂದು ನೀವು ಹೇಳಿದೊಡನೆ ಅವಳು ಎದ್ದು ನಿಂತಳು. ನಿಮಗೆ ಗುರುತು ಸಿಗಲಿಲ್ಲ. ಸಿಗುವುದಾದರೂ ಹೇಗೆ, ನಿಮ್ಮ ಪ್ರಕಾರ ಅವಳು ಇಲ್ಲದವಳು. ಅವಳ ಕಥೆ ಅರ್ಧ ಕೇಳಿ, ನೀನು ಇಷ್ಟಪಟ್ಟೇ ಹೋದದ್ದಲ್ಲವೇನಮ್ಮ ಎಂದು ಮೈಕಿನಲ್ಲಿ ಕೇಳಿದಿರಿ. ವಕೀಲರ ನಗೆ ಇತ್ತು ನಿಮ್ಮ ಮುಖದಲ್ಲಿ.

“ಹೋಗುವಾಗ ಇಷ್ಟ ಇತ್ತು ಸರ್,” ಎಂದಳು ಸವಿತಾ. “ಬರ್ತೇನೆ ಅಂತ ಹೇಳಿದಾಗ ಯಾರೂ ಬಿಡ್ಲಿಲ್ಲ.”

ಮಾನ್ಯರೇ, ನೀವು ಕಿತ್ತು ಹಾಕಿದ ನಲವತ್ತು ಪುಟಗಳಲ್ಲಿ ನಾನು ಹೇಳಲು ಹೆಣಗಿದ್ದನ್ನು ಅವಳು ಒಂದೇ ಉಸಿರಿನಲ್ಲಿ ಹೇಳಿದಳು. ನೀವು ಗಡಿಯಾರ ನೋಡಿದಿರಿ. ಸಮಯದ ಅಭಾವವಿದೆ, ಊಟದ ವ್ಯವಸ್ಥೆ ಹಿಂಭಾಗದಲ್ಲಿದೆ ಎಂದಿರಿ.

ಇನ್ನು ನನ್ನ ಬೇಡಿಕೆ. ವರದಿಯ ಮಾನ ನಿಮ್ಮ ಹತ್ತಿರವೇ ಇರಲಿ, ನಾನು ಅದನ್ನು ಕೇಳುತ್ತಿಲ್ಲ. ಆ ಅಧ್ಯಾಯವನ್ನು ನನ್ನ ಖರ್ಚಿನಲ್ಲೇ ಅಚ್ಚು ಹಾಕಿಸಿ ಹಂಚುತ್ತೇನೆ. ನಾನು ಕೇಳುವುದು ಬೇರೆ. ಸಭೆಯ ಮರುದಿನದಿಂದ ಸವಿತಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಆ ಏಜೆಂಟರ ಕಟ್ಟಡದ ಮೆಟ್ಟಿಲ ಬಳಿ ನಿಲ್ಲುತ್ತಿದ್ದಾಳೆ. ಘೋಷಣೆ ಕೂಗುವುದಿಲ್ಲ, ಯಾರ ದಾರಿಗೂ ಅಡ್ಡ ನಿಲ್ಲುವುದಿಲ್ಲ. ಮೇಲೆ ಹೋಗುವ ಹುಡುಗಿಯರ ಜೊತೆ ಮಾತಾಡುತ್ತಾಳೆ, ಅಷ್ಟೇ. ಹೆಚ್ಚಿನವರು ಕೇಳಿಸಿಕೊಂಡೂ ಮೇಲೆ ಹೋಗುತ್ತಾರೆ. ನಿಟ್ಟೆಯ ಹಾಸ್ಟೆಲಿನಲ್ಲಿ ಪಾತ್ರೆ ತೊಳೆಯುವ ಶಿಲ್ಪಾ ಎಂಬ ಹುಡುಗಿ ಮಾತ್ರ ಅರ್ಧ ಮೆಟ್ಟಿಲು ಹತ್ತಿದವಳು ತಿರುಗಿ ಇಳಿದು ಬಂದಳು. ಅಷ್ಟಕ್ಕೇ ‘ವ್ಯಾಪಾರಕ್ಕೆ ಅಡ್ಡಿ’ ಎಂದು ಏಜೆಂಟರು ದೂರಿದರು. ಸವಿತಾ ತಿಂಗಳುಗಟ್ಟಲೆ ಕಾಣೆಯಾದಾಗ ಏಳದಿದ್ದ ನಿಮ್ಮ ಕಚೇರಿ ಎರಡೇ ದಿನದಲ್ಲಿ ಎದ್ದು ಕೂತು, ಅವಳ ನಿಜವಾದ ವಿಳಾಸ ಹುಡುಕಿ, ಅಲ್ಲಿ ನಿಲ್ಲಕೂಡದೆಂದು ನೋಟಿಸು ಕಳಿಸಿತು.

ಆ ನೋಟಿಸನ್ನು ಹಿಂತೆಗೆದುಕೊಳ್ಳಿ. ಸೋಮವಾರ ಅವಳು ಮತ್ತೆ ಅಲ್ಲಿ ನಿಲ್ಲುತ್ತಾಳೆ, ನಾನೂ ಯಮನವ್ವನೂ ಜೊತೆಗಿರುತ್ತೇವೆ. ಶಿಲ್ಪಾ ಇವತ್ತು ನಿಟ್ಟೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಳೆ, ರಾತ್ರಿ ತನ್ನ ಮನೆಯಲ್ಲಿ ಮಲಗುತ್ತಾಳೆ. ನನಗೆ ತಿಳಿದ ಮಟ್ಟಿಗೆ ಈ ಜಿಲ್ಲೆಯಲ್ಲಿ ತಡೆಯಲಾದ ಪ್ರಕರಣ ಅದೊಂದೇ. ಬೇಕಿದ್ದರೆ ಅದನ್ನು ನಿಮ್ಮ ಸಮಿತಿಯ ಈ ವರ್ಷದ ಸಾಧನೆ ಎಂದು ಬರೆದುಕೊಳ್ಳಿ, ಫೋಟೋ ಹಾಕಿಸಿಕೊಳ್ಳಿ, ನಾವು ಯಾರೂ ಅಲ್ಲವೆನ್ನುವುದಿಲ್ಲ. ಆದರೆ ಮೆಟ್ಟಿಲ ಬಳಿಯಿಂದ ಅವಳನ್ನು ಕದಲಿಸಬೇಡಿ.

ಇಂತಿ,
ನಿಮ್ಮ ವರದಿಗೆ ಹೆಸರನ್ನಷ್ಟೇ ಕೊಟ್ಟ, ಅದನ್ನೂ ವಾಪಸು ಕೇಳುತ್ತಿರುವ,
ಐರಿನ್ ಮೆಂಡೋನ್ಸಾ
ಕಾರ್ಕಳ, ೨೦೦೮