ಎಣಿಕೆ ಸರಿಯಿದ್ದ ಬಸ್ಸಿನಲ್ಲಿ ಕೆಂಪಕ್ಕ ಇರಲಿಲ್ಲ

ಮಾನ್ಯ ನಗರದರ್ಶನ ಪ್ರವಾಸದ ಅಧಿಕಾರಿಗಳೇ,

ಚೇಕಾಡಿಯ ಕೆಂಪಿ ಎಂಬ ಹೆಂಗಸು ಶಿಸ್ತು ಮುರಿದು ತಂಡದಿಂದ ತಪ್ಪಿಸಿಕೊಂಡಳೆಂದೂ, ಆದಕಾರಣ ಚೇಕಾಡಿಯವರನ್ನು ಮುಂದಿನ ಪ್ರವಾಸಕ್ಕೆ ಸೇರಿಸತಕ್ಕದ್ದಲ್ಲವೆಂದೂ ತಾವು ನೋಟೀಸು ಕಳಿಸಿದ್ದೀರಿ. ಅದು ಸುಳ್ಳು. ಕೆಂಪಿ ತಪ್ಪಿಸಿಕೊಳ್ಳಲಿಲ್ಲ, ತಾವು ಬಿಟ್ಟು ಬಂದಿರಿ. ತಮ್ಮ ನೋಟೀಸು ಮಲಯಾಳದಲ್ಲಿತ್ತು. ಕೆಂಪಿ ನನ್ನಿಂದ ಓದಿಸಿಕೊಂಡಳು. ಈ ಪತ್ರ ಕನ್ನಡದಲ್ಲಿದೆ. ತಾವೂ ಯಾರಿಂದಲಾದರೂ ಓದಿಸಿಕೊಳ್ಳಬೇಕು.

ನಮ್ಮ ವಯನಾಡು ಹೊಸ ಜಿಲ್ಲೆ. ಮೊದಲು ಒಂದು ಸಹಿ ಬೇಕಾದರೂ ಘಟ್ಟ ಇಳಿದು ಕಲ್ಲಿಕೋಟೆಗೆ ಹೋಗುತ್ತಿದ್ದವರಿಗೆ ಈಗ ಕಲ್ಪೆಟ್ಟ ಸಾಕು. ಹಾಗಾದರೆ ಕಲ್ಲಿಕೋಟೆಗೆ ಇನ್ನು ಸುಮ್ಮನೆ ನೋಡುವುದಕ್ಕೂ ಹೋಗಬಹುದಲ್ಲ ಎಂದು ತಮ್ಮ ಕಚೇರಿಗೆ ಹೊಳೆಯಿತು. ಒಳ್ಳೆಯ ಯೋಚನೆ, ಅಲ್ಲವೆನ್ನುವುದಿಲ್ಲ. ಬೇಸಾಯದ ಹೆಂಗಸರು ಮೂವತ್ತೆರಡು ಮಂದಿ, ಎರಡು ದಿನ, ಹದಿನಾಲ್ಕು ಜಾಗ. ಮಾನಾಂಚಿರದ ಕೆರೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದೆವು. ಮಿಠಾಯಿ ಬೀದಿಯಲ್ಲಿ ಹಲ್ವದ ವಾಸನೆ ಕುಡಿದು ಬಂದೆವು, ನಿಲ್ಲಲು ಹೊತ್ತಿರಲಿಲ್ಲ. ಯಾವುದೋ ಹೊಸ ಕಟ್ಟಡದ ಲಿಫ್ಟನ್ನು ತೋರಿಸಿದಿರಿ, ಹತ್ತಿಸಲಿಲ್ಲ. ಎಲ್ಲಿ ಇಳಿದರೂ ಹಿಂದೆಯೇ ಸೀಟಿ, "ವೇಗ, ವೇಗ!" ಮಳೆ ಹಿಡಿದಾಗ ನಾಟಿ ಮುಗಿಸಲು ಓಡಾಡುವ ನಮ್ಮನ್ನು ಗದ್ದೆಯಲ್ಲೂ ಯಾರೂ ಹಾಗೆ ಅಟ್ಟಿಲ್ಲ ಸ್ವಾಮಿ. ಇದು ಊರು ನೋಡುವ ರೀತಿಯೇ, ಊರಿನಿಂದ ಓಡಿಹೋಗುವ ರೀತಿಯೇ?

ಕೆಂಪಕ್ಕ ನನ್ನ ಪಕ್ಕದ ಸೀಟಿನವಳು. ಐವತ್ತೆಂಟು ದಾಟಿದೆ, ಭತ್ತದ ಬೇಸಾಯ. ಘಟ್ಟ ಇಳಿಯುವಾಗಲೇ ಹೇಳಿದ್ದಳು: "ಇಂದ್ರಮ್ಮ, ನಂಗೆ ಆ ಹದಿಮೂರು ಬ್ಯಾಡ ಕಣವ್ವ. ಕಡಲು ಒಂದು ಸಾಕು." ನೀರಿಗೆ ಬದು ಕಟ್ಟುವುದು, ಒಡೆಯುವುದು, ಮತ್ತೆ ಕಟ್ಟುವುದು, ಅವಳ ಆಯುಷ್ಯವೆಲ್ಲ ಇದರಲ್ಲೇ ಹೋಗಿದೆ. ಯಾರೂ ಕಟ್ಟದ ನೀರು ತನ್ನಷ್ಟಕ್ಕೆ ಹೇಗೆ ನಿಂತಿರುತ್ತದೆ ಎಂದು ಅವಳಿಗೆ ನೋಡಬೇಕಿತ್ತು.

ಮೊದಲ ದಿನ ಮಧ್ಯಾಹ್ನ ಕಡಲಿಗೆ ತಾವು ಕೊಟ್ಟದ್ದು ಇಪ್ಪತ್ತು ನಿಮಿಷ. "ಸಾರ್, ನಮ್ಮ ಹೊಳೆ ಇಲ್ಲಿಗೇ ಬತ್ತದಾ?" ಎಂದು ಅವಳು ಕೇಳಿದಳು. "ನಿಮ್ಮ ಹೊಳೆ ಕರ್ನಾಟಕದ ಕಡೆ ಹೋಗುತ್ತೆ," ಎಂದು ತಾವು ಗಡಿಯಾರ ನೋಡಿಕೊಂಡಿರಿ. ಅವಳು ಸೀರೆ ಎತ್ತಿಕಟ್ಟಿ ನೀರಿನ ಅಂಚು ಹಿಡಿದು ನಡೆದಳು, ಕಡಲೊಳಕ್ಕೆ ಚಾಚಿದ ಹಳೆಯ ಸೇತುವೆಯ ಕಂಬಗಳ ಆಚೆಗೆ. ಅಷ್ಟು ದೂರಕ್ಕೆ, ಆ ಅಲೆಗಳ ಸದ್ದಿನಲ್ಲಿ, ಸರ್ಕಾರದ ಸೀಟಿ ಕೇಳಿಸೀತೇ?

"ಸಾರ್, ಕೆಂಪಕ್ಕ ಹತ್ತಿಲ್ಲ," ಎಂದೆ. ತಾವು ತಲೆ ಎಣಿಸಿದಿರಿ. "ಮೂವತ್ತೆರಡು. ಎಣಿಕೆ ಸರಿಯಿದೆ, ಕೂತ್ಕೊಳ್ಳಮ್ಮ." ಎಣಿಕೆ ಸರಿಯಾಗಿಯೇ ಇತ್ತು. ಪೇಟೆಯಲ್ಲಿ ತಾವು ಹತ್ತಿಸಿಕೊಂಡಿದ್ದ ತಮ್ಮ ನಾದಿನಿಯೂ ಅದರಲ್ಲಿ ಸೇರಿದ್ದರು. ಪಕ್ಕದ ಸೀಟು ಖಾಲಿಯಿತ್ತು. ಆದರೂ ಅಧಿಕಾರಿಗಳೇ ಎಣಿಸಿದ್ದಾರಲ್ಲ ಎಂದು ನಾನು ಕೂತೆ. ಬಸ್ಸು ಹೊರಟಿತು.

ಸಂಜೆ ವಸತಿಯಲ್ಲಿ ಊಟಕ್ಕೆ ಹಾಕಿದ ಎಲೆಗಳಲ್ಲಿ ಒಂದು ಮಿಕ್ಕಿತು. ನಾದಿನಿಯವರು ದಾರಿಯಲ್ಲೇ ಇಳಿದು ಮನೆ ಸೇರಿದ್ದರು. "ಬೆಳಿಗ್ಗೆ ನೋಡೋಣ," ಎಂದಿರಿ. ಬೆಳಿಗ್ಗೆ ಕೇಳಿದರೆ, "ಇವತ್ತಿನ ಪಟ್ಟಿಯಲ್ಲಿ ಕಡಲತೀರ ಇಲ್ಲ." ಇದು ತಾವೇ ಆಡಿದ ಮಾತು; ಮೂವತ್ತು ಹೆಂಗಸರು ಕೇಳಿಸಿಕೊಂಡಿದ್ದಾರೆ.

ನಾನು ಪಟ್ಟಿಯನ್ನು ಅಲ್ಲೇ ಬಿಟ್ಟು ದಾರಿ ಕೇಳುತ್ತ ನಡೆದೆ. ಏನೇನು ನೆನೆದೆನೋ ಬರೆಯಲಾರೆ. ಸಿಕ್ಕಸಿಕ್ಕವರನ್ನೆಲ್ಲ ಕೇಳಿದೆ. ಕೊನೆಗೆ ಬಲೆ ಹೆಣೆಯುತ್ತಿದ್ದ ಕರುಣಾಕರನ್ ಎಂಬವರು ತಲೆಯೆತ್ತಿದರು. "ವಯನಾಡಿನ ಅಮ್ಮನಾ? ನಮ್ಮ ಚೀರು ಚೇಚಿ, ಮೀನು ಮಾರೋ ಅಕ್ಕ, ಕಲ್ಪೆಟ್ಟದ ಬಸ್ಸು ಹತ್ತಿಸೋಕೆ ಕರಕೊಂಡು ಹೋದಳು." ಮರಳಲ್ಲೇ ಕೂತು ಅತ್ತೆ. ಮಧ್ಯಾಹ್ನ ವಸತಿಗೆ ತಿರುಗಿ ಬಂದು ತಂಡವನ್ನು ಕೂಡಿಕೊಂಡೆ.

ಆಮೇಲೆ ಕೆಂಪಕ್ಕನೇ ಹೇಳಿದ್ದು: ತಿರುಗಿ ಬಂದಾಗ ಬಸ್ಸಿನ ಜಾಗದಲ್ಲಿ ಚಕ್ರದ ಗುರುತಷ್ಟೇ ಇತ್ತಂತೆ. ಮೀನು ಮಾರುವ ಚೀರು ಬಂದು ವಿಚಾರಿಸಿದಳು. "ಬಸ್ಸು ಹೋಯ್ತು," ಎಂದಳು ಇವಳು. "ಹೋದದ್ದು ಬಸ್ಸು ತಾನೇ? ಕಡಲು ಹೋಗಿಲ್ಲವಲ್ಲ," ಎಂದಳಂತೆ ಅವಳು. ಮನೆಗೆ ಕರೆದೊಯ್ದು ಗಂಜಿ ಕೊಟ್ಟಳು, ಚಾಪೆ ಹಾಸಿದಳು. ಬೆಳಗಾಗುತ್ತಲೇ ದಡದಲ್ಲಿ ಬಲೆ ಎಳೆಯುವವರ ಸಾಲಿನಲ್ಲಿ ಕೆಂಪಕ್ಕನೂ ಹಗ್ಗ ಹಿಡಿದಳು. "ಕಡಲು ಒಳಕ್ಕೆ ಜಗ್ತಿತ್ತು ಕಣವ್ವ, ನಾವು ಈಚೆಗೆ. ಬದು ಕಟ್ಟಿದ ಕೈಯಲ್ಲವಾ, ಬಿಡ್ಲಿಲ್ಲ ನಾನು," ಎನ್ನುವಾಗ ಅವಳ ಮುಖವನ್ನು ತಾವು ನೋಡಬೇಕಿತ್ತು.

ಸಂಜೆ ನಾವು ಕಲ್ಪೆಟ್ಟ ಮುಟ್ಟಿದಾಗ ಅವಳು ಸ್ಟ್ಯಾಂಡಿನ ಬೆಂಚಿನ ಮೇಲೆ ಒಣಮೀನಿನ ಪೊಟ್ಟಣ ಇಟ್ಟುಕೊಂಡು ಕಾಯುತ್ತಿದ್ದಳು. ಊಟ ಮಾಡಿದೆಯಾ ಎಂದು ತಾವು ಕೇಳಲಿಲ್ಲ. ಎಲ್ಲರೆದುರು ಗದರಿದಿರಿ. ಈಗ ಈ ನೋಟೀಸು. ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ: "ನನ್ನಿಂದ ಊರವರಿಗೆಲ್ಲ ಕಡಲು ತಪ್ಪೋಯ್ತಾ?" ಅಂದಿನಿಂದ ಅವಳು ಕಡಲಿನ ಸುದ್ದಿಯನ್ನೇ ಎತ್ತುವುದಿಲ್ಲ. ಇದನ್ನು ನೋಡಿಕೊಂಡು ನನಗೆ ಒಂದು ಕಡೆ ಕೂರಲಾಗುತ್ತಿಲ್ಲ.

ನೋಟೀಸನ್ನು ವಾಪಸು ತೆಗೆದುಕೊಳ್ಳಿ. ಗದರಿದ ಹಾಗೆಯೇ ಎಲ್ಲರೆದುರು ಅವಳ ಕ್ಷಮೆ ಕೇಳಿ. ಮುಂದಿನ ಪ್ರವಾಸದಲ್ಲಿ ಎರಡೇ ಜಾಗ ಇರಲಿ, ಒಂದು ಇಡೀ ದಿನ ಕಡಲಿಗೇ ಇರಲಿ. ಹೊರಡುವ ಮೊದಲು ತಲೆ ಎಣಿಸಬೇಡಿ. ಒಬ್ಬೊಬ್ಬರ ಹೆಸರು ಹಿಡಿದು ಕೂಗಿ, "ಇದ್ದೀನಿ" ಎನ್ನುವ ತನಕ ಕಾಯಿರಿ.

ಇಂತಿ,
ಗೊತ್ತಿದ್ದೂ ಸೀಟಿನಲ್ಲಿ ಕೂತುಬಿಟ್ಟವಳು,
ಇಂದ್ರಮ್ಮ, ಮುಳ್ಳನ್ಕೊಲ್ಲಿ