ಮಲಗಿದವನ ಸರದಿ

೨೭ ಮಾರ್ಚ್ ೨೦೦೯, ಶುಕ್ರವಾರ, ಮಂಗಫ್

ಆಫೀಸಿನವರ ಫ್ಯಾಂಟಸಿ ಬೇಸ್‌ಬಾಲಿಗೆ ಇವತ್ತು ಸಂಜೆ ಆನ್‌ಲೈನಿನಲ್ಲಿ, ಸರದಿಯಂತೆ, ನಮ್ಮ ನಮ್ಮ ಕಾಲ್ಪನಿಕ ತಂಡಗಳಿಗೆ ನಿಜವಾದ ಆಟಗಾರರನ್ನು ಆರಿಸಿಕೊಂಡೆವು; ಒಬ್ಬರು ಆರಿಸಿದವನು ಇನ್ನೊಬ್ಬರಿಗೆ ಸಿಗುವುದಿಲ್ಲ. ನನಗಿದು ಮೊದಲ ಸಲ. ಕಲಿಸಿದವನು ರೂಮ್‌ಮೇಟ್ ಲ್ಯಾನ್ಸಿ. "ಮೊದ್ಲು ಹೊಡೆಯುವವರನ್ನು ತಗೊ ಮಾರಾಯ, ಸ್ಲೀಪರ್ ಲಾಸ್ಟಿಗೆ," ಎನ್ನುತ್ತಿದ್ದ. ಯಾರ ಕಣ್ಣಿಗೂ ಬೀಳದ ಆಟಗಾರನೇ ಸ್ಲೀಪರ್. ನಾನದನ್ನು 'ಮಲಗಿದವನು' ಎಂದು ಬರೆದುಕೊಂಡಾಗ ಬಹಳ ನಕ್ಕಿದ್ದ. ಜನವರಿಯ ಒಂದು ಬೆಳಿಗ್ಗೆ ಲ್ಯಾನ್ಸಿ ಮಲಗಿದಲ್ಲಿಂದ ಏಳಲೇ ಇಲ್ಲ.

ಆಟದಿಂದ ಅವನ ತಂಡವನ್ನು ಯಾರೂ ತೆಗೆದುಹಾಕಿರಲಿಲ್ಲ. ಅವನ ಸರದಿ ಬಂದಾಗಲೆಲ್ಲ ಕಂಪ್ಯೂಟರೇ ಆರಿಸಿ, ಪಕ್ಕದಲ್ಲಿ 'ಆಟೋ' ಎಂದು ತೋರಿಸುತ್ತಿತ್ತು. ನಾನು ಕೊನೆಗೆ ಆರಿಸಬೇಕೆಂದಿದ್ದ 'ಮಲಗಿದವನ' ಹೆಸರನ್ನು ನಿನ್ನೆ ಈ ಡೈರಿಯಲ್ಲಿ ಮಾತ್ರ ಬರೆದಿಟ್ಟಿದ್ದೆ, ಅದೂ ಕನ್ನಡದಲ್ಲಿ. ಕೊನೆಯ ಸುತ್ತಿನಲ್ಲಿ, ನನ್ನ ಸರದಿಗೆ ಸ್ವಲ್ಪ ಮೊದಲು, ಲ್ಯಾನ್ಸಿಯ ತಂಡ ಆ ಆಟಗಾರನನ್ನೇ ಎತ್ತಿಕೊಂಡಿತು.

ಪಟ್ಟಿಯನ್ನು ಮೂರು ಸಲ ನೋಡಿದೆ. ಆ ಹೆಸರಿನ ಪಕ್ಕದಲ್ಲಿ ಮಾತ್ರ 'ಆಟೋ' ಇಲ್ಲ.

ಈ ಡೈರಿಯನ್ನು ಹಗಲೆಲ್ಲ ಇಟ್ಟಿರುವುದು ಅವನ ಖಾಲಿ ಮಂಚದ ಮೇಲೆ.