ಬುಧವಾರದ ಗೋಧಿ ಉಪ್ಪಿಟ್ಟು ಮತ್ತು ನನ್ನ ಮಗಳ ಬುತ್ತಿ

ಬಿಸಿಯೂಟ ಹೇಗಿದೆ ಎಂದು ನೋಡಲು ಬಂದು ನನ್ನ ಮಗಳನ್ನು ಆಸ್ಪತ್ರೆ ಸೇರಿಸಿ ಹೋದ ಮಾನ್ಯ ಅಧಿಕಾರಿಗಳೇ,

ಕಳೆದ ತಿಂಗಳ ಒಂದು ಬುಧವಾರ ತಾವು ನಮ್ಮೂರ ಶಾಲೆಗೆ ದಯಮಾಡಿಸಿದಿರಿ. ನಾಲ್ಕನೇ ತರಗತಿಯ ನನ್ನ ಮಗಳು ಕೃತಿಕಾ ಮನೆಯಿಂದ ತಂದಿದ್ದ ಬುತ್ತಿಯನ್ನು ಮುಚ್ಚಿಸಿ, ಗೋಧಿ ನುಚ್ಚಿನ ಉಪ್ಪಿಟ್ಟನ್ನು ತಮ್ಮ ಕೈಯಾರೆ ಅವಳ ಬಾಯಿಗಿಟ್ಟಿರಿ. ಅವಳಿಗೆ ಗೋಧಿ ಆಗುವುದಿಲ್ಲ. ಆಗುವುದಿಲ್ಲ ಎಂದರೆ ರುಚಿಸುವುದಿಲ್ಲ ಎಂದಲ್ಲ, ಒಳಗೆ ಹೋದರೆ ಕರುಳು ಹಾಳಾಗುತ್ತದೆ ಎಂದು. ತಾವು ತುತ್ತಿಟ್ಟ ಫೋಟೊ ಪತ್ರಿಕೆಯಲ್ಲಿ ಬಂತು, 'ಜಾತಿಯ ಗೋಡೆ ಕೆಡವಿದ ಅಧಿಕಾರಿ' ಎಂಬ ತಲೆಬರಹ ಬೇರೆ. ಅದೇ ಮಗು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಾಗ ಫೋಟೊ ತೆಗೆಯಲು ಯಾರೂ ಬರಲಿಲ್ಲ. ಹಾಗಾಗಿ ಆ ಭಾಗವನ್ನು ನಾನೇ ಬರೆದು ತಿಳಿಸಬೇಕಾಗಿದೆ.

ಮೊದಲಿನಿಂದ ಹೇಳುತ್ತೇನೆ. ಶೆಟ್ಟಿಕೆರೆ ದಾಟಿ ಬಸ್ಸಿಳಿದು ಒಳಗೆ ನಡೆಯಬೇಕಾದ ಹಳ್ಳಿ ನಮ್ಮದು. ತೆಂಗಿನ ತೋಟವಿದೆ, ಹಸುಗಳಿವೆ, ಉಣ್ಣಲು ಬರವಿಲ್ಲ. ಆದರೂ ಮಗಳಿಗೆ ಐದು ತುಂಬುವಷ್ಟರಲ್ಲಿ ಹೊಟ್ಟೆ ಗುಡಾಣ, ಕೈಕಾಲು ಕಡ್ಡಿ. ತಿಂದದ್ದು ಮೈಗೆ ಹತ್ತದು, ಸದಾ ಭೇದಿ. ಜಂತುಹುಳುವಿಗೆ ಔಷಧಿ ಕುಡಿಸಿದೆವು, ದೃಷ್ಟಿ ತೆಗೆದೆವು, ತಾಯತ ಕಟ್ಟಿಸಿದೆವು. ನಮ್ಮ ಕಡೆ ಹುಷಾರಿಲ್ಲದವರನ್ನು ನೋಡಲು ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ, ಬ್ರೆಡ್ಡು ಬಿಸ್ಕತ್ತು ಒಯ್ಯುತ್ತಾರೆ. ಬಂದವರೆಲ್ಲ ತಂದರು. ನಾನು ಹಾಲಿನಲ್ಲಿ ಅದ್ದಿ ಅದ್ದಿ ತಿನ್ನಿಸಿದೆ. ಊರೆಲ್ಲ ಸೇರಿ ಪ್ರೀತಿಯಿಂದಲೇ ಅವಳ ಕಾಯಿಲೆ ಹೆಚ್ಚಿಸಿದೆವು. ಕಡೆಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿ, ಬಾಯಿಂದ ಕರುಳಿನವರೆಗೆ ಕೊಳವೆ ಬಿಟ್ಟು ನೋಡಿ, ಇದು ಸೀಲಿಯಾಕ್ ಎಂಬ ಕಾಯಿಲೆ ಎಂದರು. ಗೋಧಿಯೊಳಗಿರುವ ಅಂಟಿನ ಅಂಶವೊಂದು ಇವಳ ಕರುಳಿಗೆ ಶತ್ರುವಂತೆ. ಇದಕ್ಕೆ ಮಾತ್ರೆ ಇಲ್ಲ, ಜೀವಮಾನವಿಡೀ ಗೋಧಿ ಬಿಡುವುದೇ ಔಷಧಿ ಎಂದು ಹೇಳಿ ಕಳಿಸಿದರು.

ಬಿಡುವುದು ಹೇಗೆಂದು ಕಲಿಸಿದವಳು ಮೆಹರೀನ್. ತಿಪಟೂರಿನ ದರ್ಜಿಗಳ ಮನೆಯ ಹುಡುಗಿ, ತುಮಕೂರಿನ ಆಸ್ಪತ್ರೆಯೊಂದರಲ್ಲಿ ಡಯೆಟಿಷಿಯನ್. ಯಾವ ರೋಗಿ ಏನು ಉಣ್ಣಬೇಕು, ಏನು ಬಿಡಬೇಕು ಎಂದು ಹೇಳುವುದೇ ಅವಳ ಕೆಲಸ. ಮಿಕ್ಕವರೆಲ್ಲ ಏನು ತಿನ್ನಬಾರದು ಎಂದು ಹೆದರಿಸಿದ್ದರು. ಅವಳು ನಗುತ್ತಾ, "ಅಕ್ಕಾ, ರಾಗಿ ತಿನ್ನೋ ಸೀಮೇಲಿ ಹುಟ್ಟಿದೀರ, ಪುಣ್ಯ ಮಾಡಿದೀರ ಕಣ್ರೀ. ಮುದ್ದೆ ಕೊಡಿ, ಅನ್ನ ಕೊಡಿ, ಅಕ್ಕಿ ರೊಟ್ಟಿ ಕೊಡಿ, ಕೊಬ್ಬರಿ ಬೆಲ್ಲ ಕೊಡಿ. ಚಪಾತಿ, ರವೆ, ಶಾವಿಗೆ, ಬೇಕರಿ ತಿಂಡಿ ಮಾತ್ರ ಮನೆಯಿಂದ ಆಚೆ ಹಾಕಿ" ಎಂದಳು. ಹಾಕಿದೆವು. ತಿಂಗಳುಗಳು ಕಳೆದರೂ ಮಗು ಪೂರ್ತಿ ಚೇತರಿಸಿಕೊಳ್ಳಲಿಲ್ಲ. ನಿನ್ನ ಪಥ್ಯವೂ ಅಷ್ಟೇ ಎಂದು ಅವಳ ಮೇಲೆ ರೇಗಿದೆ. ಅವಳು ರೇಗಲಿಲ್ಲ. "ಮುದ್ದೆ ಹಿಟ್ಟು ಎಲ್ಲಿ ಬೀಸಿಸ್ತೀರಕ್ಕ? ಮಿಲ್ಲಲ್ಲಿ ನಿಮ್ಮ ಮುಂದಿನೋರು ಏನು ಬೀಸಿಸ್ತಾರೆ ನೋಡಿದೀರ?" ಎಂದು ಕೇಳಿದಳು. ಹೋಗಿ ನೋಡಿದರೆ ನಮ್ಮ ಮುಂದಿನವರದು ಗೋಧಿ. ಕಲ್ಲಿನಲ್ಲಿ ಉಳಿದ ಅವರ ಹಿಟ್ಟೆಲ್ಲ ನಮ್ಮ ರಾಗಿಗೆ ಬೀಳುತ್ತಿತ್ತು. ಸಾರಿನ ಇಂಗಿಗೂ ಗೋಧಿ ಹಿಟ್ಟು ಬೆರೆಸಿರುತ್ತಾರೆ ಎಂದು ಹೇಳಿದವಳೂ ಅವಳೇ. ಅಂದಿನಿಂದ ದನದ ಕೊಟ್ಟಿಗೆಯಲ್ಲಿ ಬಿದ್ದಿದ್ದ ನಮ್ಮತ್ತೆಯ ಬೀಸುವ ಕಲ್ಲು ಒಳಮನೆಗೆ ಬಂತು, ಇಂಗು ಹೊರಗೆ ಹೋಯಿತು. ವರ್ಷದೊಳಗೆ ಮಗಳ ಕೆನ್ನೆ ತುಂಬಿತು. ಒಂದು ಹಿಡಿ ಹಿಟ್ಟು ಎಲ್ಲಿಂದ ಬಂತೆಂದು ಆ ಹುಡುಗಿ ವಿಚಾರಿಸಿದಳು. ಒಂದು ಡಬ್ಬಿ ಯಾಕೆ ಬಂತೆಂದು ತಾವು ವಿಚಾರಿಸಬಹುದಿತ್ತು.

ವೈದ್ಯರ ಚೀಟಿಯನ್ನು ಮುಖ್ಯೋಪಾಧ್ಯಾಯರಿಗೆ ಕೊಟ್ಟೇ ನಾನು ಬುತ್ತಿ ಕಳಿಸುತ್ತಿದ್ದೆ. ಶಾಲೆಯಲ್ಲಿ ಅಡುಗೆ ಮಾಡುವ ಸಿದ್ದಮ್ಮನಿಗೂ ಹೇಳಿದ್ದೆ. ಸಿದ್ದಮ್ಮ ದಲಿತ ಕಾಲೋನಿಯವರು. "ಗೋದಿಯಿಂದ್ಲೂ ಈ ತರ ಆಯ್ತದಾ? ಅಯ್ಯೋ ಪಾಪ ಮಗ" ಎಂದು ಮರುಗಿದ್ದರು. ಕೃತಿಕಾ ದಿನಾ ಅಡುಗೆಮನೆಯ ಬಾಗಿಲಲ್ಲೇ ಕೂತು, ಅವರ ಜೊತೆ ಹರಟುತ್ತಾ ಬುತ್ತಿ ಉಣ್ಣುತ್ತಿದ್ದಳು. ತಾವು ಬಂದ ದಿನವೂ ಅಲ್ಲೇ ಕೂತಿದ್ದಳು.

ಡಬ್ಬಿ ಯಾಕೆಂದು ತಾವು ಗದರಿದಾಗ ಮುಖ್ಯೋಪಾಧ್ಯಾಯರು ಕೈಕಟ್ಟಿ ನೆಲ ನೋಡಿದರಂತೆ. ಚೀಟಿ ಇದೆ ಎನ್ನಲು ಅವರಿಗೆ ನಾಲಿಗೆ ಹೊರಳಲಿಲ್ಲ. ಸೌಟು ಹಿಡಿದು ಮುಂದೆ ಬಂದದ್ದು ಸಿದ್ದಮ್ಮನೇ. "ಆ ಮಗೀಗೆ ಗೋದಿ ಆಗಾಕಿಲ್ವಂತೆ ಸಾ. ಡಾಕ್ಟ್ರು ಏಳವ್ರಂತೆ."

"ಅನ್ನ ಮಾಡಿದ ದಿನ ನೀವು ಬಡಿಸಿದ್ದು ತಿಂತಾಳಾ?" ಎಂದು ತಾವು ಕೇಳಿದಿರಿ.

"ಇಲ್ಲ ಸಾ, ದಿನಾಲೂ ಡಬ್ಬಿನೇ."

ತಾವು ನಕ್ಕಿರಿ. "ನೋಡಿದ್ರಾ? ನಿಮ್ಮ ಕೈಯೂಟ ಬೇಡ ಅನ್ನೋಕೆ ಇದೊಂದು ನೆಪ ಕಣಮ್ಮ. ಅವರು ಹೇಳಿದ್ರು, ನೀವು ನಂಬಿದ್ರಿ" ಎಂದಿರಿ. ಅನ್ನದ ದಿನದ ಸಾರಿನಲ್ಲಿ ಇಂಗಿರುತ್ತದೆ ಎಂದು ಹೇಳಲು ನಾನಲ್ಲಿರಲಿಲ್ಲ. ಆಮೇಲೆ ತಾವು ತುತ್ತು ಕಲಸಿದಿರಿ, ಫೋಟೊದವರನ್ನು ಹತ್ತಿರ ಕರೆದಿರಿ. ಇನ್ನು ಮುಂದೆ ಶಾಲೆಗೆ ಡಬ್ಬಿ ತರಕೂಡದೆಂದು ಅಪ್ಪಣೆ ಮಾಡಿ ಜೀಪು ಹತ್ತಿದಿರಿ.

ತಮ್ಮ ಅನುಮಾನ ಗಾಳಿಯಲ್ಲಿ ಹುಟ್ಟಿದ್ದಲ್ಲ ಎಂದು ನನಗೂ ಗೊತ್ತು ಸ್ವಾಮಿ. ಸಿದ್ದಮ್ಮ ಅಡುಗೆಗೆ ಸೇರಿದ ವರ್ಷ ನಮ್ಮ ಬೀದಿಯ ಕೆಲವರು ಮಕ್ಕಳಿಗೆ ಬುತ್ತಿ ಕಟ್ಟಿ ಕಳಿಸಿದ್ದು ಅದೇ ಕಾರಣಕ್ಕೆ. ಆ ರೋಗಕ್ಕೆ ಪಥ್ಯ ಹೇಳುವ ಡಯೆಟಿಷಿಯನ್ ಇನ್ನೂ ಹುಟ್ಟಿಲ್ಲ. ಆಗ ತಾವು ಬಂದು ಆ ದೊಡ್ಡವರನ್ನು ಕೂರಿಸಿ ಉಣಿಸಿದ್ದರೆ ನಾನೇ ಹಾರ ತರುತ್ತಿದ್ದೆ. ಆಗ ತಮ್ಮ ಕಚೇರಿಯಿಂದ ಒಂದು ನರಪಿಳ್ಳೆಯೂ ಈ ಕಡೆ ತಲೆ ಹಾಕಲಿಲ್ಲ. ಊರಿನ ಯಜಮಾನರ ಮುಂದೆ ಬಾರದ ಧೈರ್ಯ ಒಂಬತ್ತು ವರ್ಷದ ಹುಡುಗಿಯ ಮುಂದೆ ಬಂತೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಎಳೆದದ್ದಲ್ಲದೆ ಅದರ ಫೋಟೊವನ್ನೂ ಹಾಕಿಸಿಕೊಳ್ಳಬೇಕೇ? ಮಕ್ಕಳೆಲ್ಲ ಒಂದೇ ಎಂದು ಭಾಷಣ ಮಾಡಿದಿರಂತೆ. ಮಕ್ಕಳೆಲ್ಲ ಒಂದೇ ನಿಜ, ಹೊಟ್ಟೆಗಳು ಒಂದೇ ಎಂದು ಯಾವ ಸುತ್ತೋಲೆಯಲ್ಲಿದೆ?

ಅಂದು ಸಂಜೆಯೇ ವಾಂತಿ, ಭೇದಿ ಶುರುವಾಯಿತು. ನನ್ನ ಯಜಮಾನರು ಮೋಹನ್ ಕುಮಾರ್ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಸ್ಸಿಗೆ ಓಡಿದರು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವಳ ಮೇಲೆ ನಾನು ಸಿಡುಕಿದೆ, ಆಗಲ್ಲ ಅಂತ ಹೇಳೋಕೆ ಬಾಯಿರಲಿಲ್ವೇನೇ ಎಂದು.

"ಹೇಳ್ದೆ ಕಣಮ್ಮ" ಎಂದಳು. "ಅವ್ರು ಹಂಗಂದ ಮೇಲೆ ಸಿದ್ದಮ್ಮಜ್ಜಿ ನನ್ನೇ ನೋಡ್ತಾ ನಿಂತಿತ್ತು. ತಿನ್ದೆ ಇದ್ರೆ ಅಜ್ಜಿ ಅದನ್ನೇ ನಿಜ ಅನ್ಕೊಳ್ಳುತ್ತಲ್ಲ, ಅದಕ್ಕೇ ಬಾಯಿ ತೆಗೆದೆ."

ತಾವು ಇಟ್ಟ ತುತ್ತಿಗೆ ಅವಳು ಬಾಯಿ ತೆರೆದದ್ದು ತಮ್ಮ ಭಾಷಣಕ್ಕಲ್ಲ. ನನಗೆ ಅಲ್ಲೇ ಅಳು ಬಂತು. ಮಾರನೆಯ ದಿನ ಸಿದ್ದಮ್ಮ ಆಸ್ಪತ್ರೆಗೆ ಬಂದರು. ಒಳಗೆ ಬನ್ನಿ ಎಂದರೂ ಬಾರದೆ ಬಾಗಿಲಲ್ಲೇ ನಿಂತು, "ನಿಜ ಏಳವ್ವ. ಗೋದಿಯಾ, ಇಲ್ಲಾ ನನ್ ಕೈಯಾ?" ಎಂದು ಕೇಳಿದರು. ಮಗು ಹೇಳಿದ್ದನ್ನು ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಬಂದು ಅವಳ ಕಾಲ ಬಳಿ ಕೂತರು.

ಆಸ್ಪತ್ರೆಯಿಂದ ಬಂದಮೇಲೆ ಕೃತಿಕಾ ಶಾಲೆಗೆ ಹೋಗಿಲ್ಲ. ಡಬ್ಬಿ ಒಯ್ಯುವಂತಿಲ್ಲ, ಶಾಲೆಯದು ಉಣ್ಣುವಂತಿಲ್ಲ, ಉಪವಾಸ ಕಳಿಸಲು ನನಗೆ ಮನಸ್ಸಿಲ್ಲ. ಮೆಹರೀನ್ ಒಂದು ದಾರಿ ಹೇಳಿದಳು: ಅದೇ ಒಲೆ, ಅದೇ ಕೈ, ಪಾತ್ರೆ ಸೌಟು ಮಾತ್ರ ಬೇರೆ. ಸಾರಿಗೆ ಇಂಗು ಬೇಡ, ಬುಧವಾರ ಅವಳಿಗೊಂದು ಹಿಡಿ ಅಕ್ಕಿ. ಪಾತ್ರೆ ನಾನೇ ಕೊಡುತ್ತೇನೆ ಎಂದೆ. "ಮದ್ಲು ಅವಳಿಗೆ ಬೇಯಿಸಿಟ್ಬುಟ್ಟು ಆಮೇಕೆ ಗೋದಿ ಮುಟ್ತೀನಿ" ಎಂದು ಸಿದ್ದಮ್ಮ ಒಪ್ಪಿದರು. ಮುಖ್ಯೋಪಾಧ್ಯಾಯರು ಮಾತ್ರ, ಬುಧವಾರ ಗೋಧಿ ಎಂದು ಆದೇಶವಿದೆ, ಅಕ್ಕಿ ಬೇಯಿಸಲು ಮೇಲಿನಿಂದ ಅನುಮತಿ ಬೇಕು ಎನ್ನುತ್ತಾರೆ. ಮೇಲಿನಿಂದ ಎಂದರೆ ತಾವು.

ಆದ್ದರಿಂದ ಕೇಳುತ್ತಿದ್ದೇನೆ. ಆ ಅನುಮತಿ ಕೊಡಿ. ಅದು ಬರುವವರೆಗೆ ಡಬ್ಬಿಯ ಮೇಲಿನ ತಮ್ಮ ಅಪ್ಪಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಆಮೇಲೆ ಇನ್ನೊಂದು ಬುಧವಾರ ಅದೇ ಫೋಟೊದವರನ್ನು ಕರೆದುಕೊಂಡು ಬನ್ನಿ. ಎಲ್ಲ ಮಕ್ಕಳ ಎದುರು ಸಿದ್ದಮ್ಮನಿಗೆ, ಈ ಮಗು ನಿಮ್ಮ ಕೈಯನ್ನು ಎಂದೂ ಬೇಡ ಎಂದಿರಲಿಲ್ಲ ಎಂದು ಹೇಳಿ. ತುತ್ತಿಡುವ ತೊಂದರೆ ಮಾತ್ರ ತಾವು ತೆಗೆದುಕೊಳ್ಳಬೇಡಿ. ಅದನ್ನು ಸಿದ್ದಮ್ಮ ಮಾಡುತ್ತಾರೆ.

ಇಂತಿ,
ಪತ್ರಿಕೆಯ ಫೋಟೊದಲ್ಲಿ ತಮ್ಮ ಕೈಗೆ ಬಾಯಿ ತೆರೆದು ಕೂತಿರುವ ಹುಡುಗಿಯ ತಾಯಿ,
ಸರ್ವಮಂಗಳ
ಡಿಸೆಂಬರ್ ೨೦೦೬